ನಿಮ್ಮ ಬಂದರಿಗೆ ಸಮುದ್ರ ಬೇಕು

ನಮಸ್ಕಾರ,

1944ರಲ್ಲಿ ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸಿನ ನಾರ್ಮಂಡಿ ತೀರದ ಮೇಲೆ ದಾಳಿ ಮಾಡಿದಾಗ ಬ್ರಿಟನ್, ಅಮೆರಿಕದ ಪಡೆಗಳು ಜೊತೆಗೇ ಒಯ್ದ ಕೃತಕ ಬಂದರುಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಇಂಥ ವಿಷಯವನ್ನು ಕನ್ನಡದಲ್ಲಿ ಬರೆಯಲು ಹೊರಟಿದ್ದೀರಲ್ಲ, ನನಗೆ ತುಂಬಾ ಖುಷಿಯಾಯಿತು. ಆದರೆ ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ.

ಮೊದಲ ಮೂರು ಪುಟ ಹಿಟ್ಲರ್, ಚರ್ಚಿಲ್, ರೂಸ್‌ವೆಲ್ಟ್ ಅವರಿಗೇ ಹೋಗಿದೆ. ತೆಗೆದುಬಿಡಿ. ಫ್ರಾನ್ಸಿನ ಬಂದರು ದಿಯೆಪ್‌ನಿಂದ ಶುರು ಮಾಡಿ. 1942ರ ಆಗಸ್ಟ್‌ನಲ್ಲಿ ಆ ಬಂದರಿಗೆ ನೇರವಾಗಿ ನುಗ್ಗಲು ಹೋಗಿ ಕೆನಡಾದ ನೂರಾರು ಸೈನಿಕರು ಸತ್ತರು. ಇದ್ದ ಬಂದರನ್ನು ಹಿಡಿಯುವುದು ಇಷ್ಟು ಕಷ್ಟ ಅಂದಮೇಲೆ, ಬಂದರನ್ನೇ ಜೊತೆಗೆ ಒಯ್ಯುವ ಯೋಚನೆ ಗಟ್ಟಿಯಾಯಿತು. ನೀವು ಇದಕ್ಕೆ ಕೊಟ್ಟಿರುವುದು ಒಂದೇ ಸಾಲು.

'ತೇಲುವ ಸೇತುವೆಗಳನ್ನು ನಿರ್ಮಿಸಲಾಯಿತು' ಎಂದು ಬರೆದು ಮುಂದೆ ಹೋಗಿದ್ದೀರಿ. ಇಡೀ ಕತೆ ಇರುವುದೇ ಅಲ್ಲಿ. ಆ ತೀರದಲ್ಲಿ ಉಬ್ಬರಕ್ಕೂ ಇಳಿತಕ್ಕೂ ಆರು ಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ. ಮೂರು ಆಳಿನ ಎತ್ತರ ದಾಟುತ್ತದೆ, ಅದೂ ದಿನಕ್ಕೆ ಎರಡು ಸಲ. ಹಡಗು ನಿಲ್ಲುವ ಕಟ್ಟೆ, ಅಂದರೆ ಜೆಟ್ಟಿ, ಕದಲದಂತಿದ್ದರೆ ಇಳಿತದ ಹೊತ್ತಿಗೆ ಹಡಗು ಎಲ್ಲೋ ಕೆಳಗೆ ಉಳಿಯುತ್ತಿತ್ತು. ಅದಕ್ಕೇ ಜೆಟ್ಟಿಗೆ ನಾಲ್ಕು ಉಕ್ಕಿನ ಕಾಲು ಕೊಟ್ಟರು. ಕಾಲು ಸಮುದ್ರದ ತಳದಲ್ಲಿ ಊರಿ ನಿಲ್ಲುತ್ತದೆ, ವೇದಿಕೆ ಮಾತ್ರ ನೀರಿನ ಜೊತೆ ಏರುತ್ತದೆ, ಇಳಿಯುತ್ತದೆ. ಅಲ್ಲಿಂದ ದಡದವರೆಗೆ ತೇಲುವ ಉಕ್ಕಿನ ರಸ್ತೆ. ಅದರ ಮೇಲೆ ಒಂದು ಲಾರಿ ಓಡಿಸಿ. ಅಲೆಗೆ ರಸ್ತೆ ಚಕ್ರದ ಕೆಳಗೇ ಬಳುಕುವುದು ಓದುವವರಿಗೆ ಗೊತ್ತಾಗಲಿ. 1942ರ ಮೇ 30ರ ಟಿಪ್ಪಣಿಯಲ್ಲಿ ಚರ್ಚಿಲ್ ಹೇಳಿದ್ದೂ ಇದನ್ನೇ: ನೀರಿನ ಜೊತೆ ಏರಿಳಿಯಬೇಕು, ವಾದ ಬೇಡ, ಕಷ್ಟಗಳು ತಮ್ಮ ವಾದವನ್ನು ತಾವೇ ಮಾಡಿಕೊಳ್ಳುತ್ತವೆ. ಮೊದಲ ಪುಟದಲ್ಲಿ ಸುಮ್ನೆ ಬಿದ್ದಿರುವ ಆ ಮಾತನ್ನು ಇಲ್ಲಿಗೆ ತನ್ನಿ.

6,000 ಟನ್ ತೂಗುವ ಕಾಂಕ್ರೀಟ್ ಪೆಟ್ಟಿಗೆ ತೇಲಿದ್ದು ಹೇಗೆ ಅಂತ ಓದುವವರು ಕೇಳಿಯೇ ಕೇಳುತ್ತಾರೆ. ಒಳಗೆ ಟೊಳ್ಳು, ಟಗ್ ಎಂಬ ಪುಟ್ಟ ಹಡಗುಗಳು ಎಳೆದು ತಂದವು, ನೀರು ತುಂಬಿ ಮುಳುಗಿಸಿದರು. ಅಲೆ ತಡೆಯುವ ಗೋಡೆ ಹಾಗೆ ಎದ್ದಿತು. ಇಷ್ಟು ಹೇಳಿದರೆ ಸಾಕು.

ಇನ್ನು ಕೊನೆಯ ಪುಟ. 'ಈ ಬಂದರುಗಳಿಲ್ಲದಿದ್ದರೆ ದಾಳಿಯೇ ಸೋಲುತ್ತಿತ್ತು' ಎಂದಿದ್ದೀರಿ. ಅದನ್ನು ನಾನು ಒಪ್ಪಲಾರೆ. 1944ರ ಜೂನ್ 19ರಂದು ಎದ್ದ ಬಿರುಗಾಳಿ ನಾರ್ಮಂಡಿಯ ಒಮಾಹಾ ತೀರದ ಅಮೆರಿಕದವರ ಬಂದರನ್ನು ಪುಡಿ ಮಾಡಿತು. ಅವರು ಅದನ್ನು ಮತ್ತೆ ಕಟ್ಟಲಿಲ್ಲ. ದೊಡ್ಡ ಹಡಗುಗಳನ್ನೇ ಮರಳಿಗೆ ತಂದು ನಿಲ್ಲಿಸಿದರು. ಇಳಿತದಲ್ಲಿ ಮೂತಿಯ ಬಾಗಿಲು ತೆರೆದು ಲಾರಿಗಳು ಹೊರಬಂದವು, ಮುಂದಿನ ಉಬ್ಬರಕ್ಕೆ ಹಡಗು ತೇಲಿ ಹೊರಟಿತು. ಹೀಗೆ ಇಳಿಸಿದ ಸಾಮಾನು ಮುಂಚಿಗಿಂತ ಜಾಸ್ತಿಯೇ ಆಯಿತು. ಬ್ರಿಟಿಷರ ಅರೊಮಾಂಶ್ ಬಂದರು ಮಾತ್ರ ತಿಂಗಳುಗಟ್ಟಲೆ ದುಡಿಯಿತು. ಈ ಬಿರುಗಾಳಿ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ನಿಮ್ಮ ವಾದಕ್ಕೆ ತೊಡಕಾಗುತ್ತದೆ ಅಂತ ಬಿಟ್ಟಿರಾ? ಹಾಗೆ ಬಿಡಬೇಡಿ. ಅಷ್ಟು ಜನ ಹಗಲೂ ರಾತ್ರಿ ಕಟ್ಟಿದ್ದು ಮೂರು ದಿನದಲ್ಲಿ ಹೋಯಿತು ಅಂದರೆ ಅದು ನೋವಿನ ಸಂಗತಿ ಅಲ್ವಾ? ಅದನ್ನೂ ಬರೆಯಿರಿ.

ತಿದ್ದಿದ ಪ್ರತಿಯನ್ನು ನನಗೇ ಕಳಿಸಿ. ಆ ಲಾರಿಯಲ್ಲಿ ಏನಿತ್ತು, ಅದು ಎಲ್ಲಿಗೆ ಹೊರಟಿತ್ತು ಅನ್ನುವುದೂ ಅದರಲ್ಲಿ ಇರಲಿ. ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ಸಂಪಾದಕ