ರಾಬರ್ಟ್ಸ್ ನುಡಿಸಿದ ಟ್ರಂಬೋನ್ ಕೊಂಡರೆ ರಾಬರ್ಟ್ಸ್ ನಾದ ಬರುವುದಿಲ್ಲ

ಬಿಗ್ ಬ್ಯಾಂಡ್ ಎಂಬ ದೊಡ್ಡ ಜಾಝ್ ತಂಡಗಳಲ್ಲಿ ಕೆಳಸ್ವರ ನುಡಿಸುವ ಹಿತ್ತಾಳೆಯ ವಾದ್ಯವಾದ ಬಾಸ್ ಟ್ರಂಬೋನ್ ಬಗ್ಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಅಂಗಿ ತೊಡಿಸಿ ಕೇಳುತ್ತವೆ: ಇಂಥವರು ಯಾವ ವಾದ್ಯ ನುಡಿಸುತ್ತಿದ್ದರು, ಅದು ಎಲ್ಲಿ ಸಿಗುತ್ತದೆ? ಅವರು ಹೇಗೆ ನುಡಿಸುತ್ತಿದ್ದರು ಎಂದು ಕೇಳುವವರು ಅಪರೂಪ. ಈ ಸಲ ಆ ವಾದ್ಯದ ಪ್ರಶ್ನೆಗೆ ಪೂರ್ತಿಯಾಗಿ ಉತ್ತರಿಸಿಬಿಡುತ್ತೇನೆ. ಟ್ರಂಬೋನ್ ಹಿಡಿಯುವುದು ಹೇಗೆ, ಹಿಂದೆ ಮುಂದೆ ಜಾರುವ ನಳಿಗೆಯ, ಅಂದರೆ ಸ್ಲೈಡಿನ, ಸ್ಥಾನಗಳು ಯಾವುವು ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅದು ಮೊದಲ ವರ್ಷದ ಪಾಠ, ಗುರುಗಳ ಮುಂದೆ ಕೂತು ಕಲಿಯಬೇಕಾದದ್ದು.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಹೈಸ್ಕೂಲಿನಲ್ಲಿ ಓದುವ ಮಗಳು ಶಾಲೆಯ ಜಾಝ್ ಬ್ಯಾಂಡಿನಲ್ಲಿ ಬಾಸ್ ಟ್ರಂಬೋನ್ ನುಡಿಸುತ್ತಾಳೆ. ಅಮೆರಿಕದ ಗಾಯಕ ಫ್ರಾಂಕ್ ಸಿನಾಟ್ರಾ ಹಾಡುಗಳಲ್ಲಿ ಬಾಸ್ ಟ್ರಂಬೋನ್ ವಾದಕ ಜಾರ್ಜ್ ರಾಬರ್ಟ್ಸ್ ನುಡಿಸಿದ್ದು ಕೇಳಿ, ಅದೇ ನಾದ ಬೇಕು ಎಂದು ಹಟ ಹಿಡಿದಿದ್ದಾಳೆ. ಒಬ್ಬರು 1950ರ ದಶಕದ, ಇಂಡಿಯಾನಾದ ಎಲ್ಕ್‌ಹಾರ್ಟ್‌ನಲ್ಲಿ ತಯಾರಾದ ಕಾನ್ ಕಂಪನಿಯ ಬಾಸ್ ಟ್ರಂಬೋನ್ ಮಾರುತ್ತಿದ್ದಾರೆ. ರಾಬರ್ಟ್ಸ್ ಬಳಸಿದ್ದು ಇದೇ, ಇಷ್ಟು ವರ್ಷಕ್ಕೆ ಹಿತ್ತಾಳೆ ಪಕ್ವವಾಗಿದೆ ಎನ್ನುತ್ತಾರೆ. ನೋಡಲು ಹೋಗುವ ಮೊದಲೇ ಮುಂಗಡ ಕೇಳುತ್ತಿದ್ದಾರೆ. ಕೊಳ್ಳಬಹುದೇ?

ಬೇಡ. ಮುಂಗಡ ಕೊಟ್ಟಿಲ್ಲದಿದ್ದರೆ ಕೊಡಬೇಡಿ. ಕೊಟ್ಟಿದ್ದರೆ ಇವತ್ತೇ ಫೋನ್ ಮಾಡಿ ವಾಪಸು ಕೇಳಿ.

ನಿಮ್ಮ ಮಗಳ ಕಿವಿ ಮಾತ್ರ ಸರಿಯಾದ ಜಾಗದಲ್ಲೇ ಇದೆ. ಅಯೋವಾದ ಡೆ ಮೊಯ್ನ್ ಊರಿನಲ್ಲಿ 1928ರಲ್ಲಿ ಹುಟ್ಟಿದ ಜಾರ್ಜ್ ರಾಬರ್ಟ್ಸ್ ಮೊದಲು ಎಲ್ಲರಂತೆ ಟೆನರ್, ಅಂದರೆ ಸಾಮಾನ್ಯ ಟ್ರಂಬೋನ್, ನುಡಿಸುತ್ತಿದ್ದರು. ಜೀನ್ ಕ್ರೂಪಾ ಬ್ಯಾಂಡಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಅರ್ಬಿ ಗ್ರೀನ್ ಕೂತಿದ್ದರು. ಮೇಲಿನ ಸ್ಥಾಯಿಯಲ್ಲಿ ಹಾಡಿದಷ್ಟು ಸಲೀಸಾಗಿ ಟ್ರಂಬೋನ್ ನುಡಿಸುತ್ತಿದ್ದವರು ಅವರು. ದಿನವೂ ಅದನ್ನು ಪಕ್ಕದಲ್ಲೇ ಕೇಳಿದ ರಾಬರ್ಟ್ಸ್, ಆ ಹಾಡುವ ಗುಣವನ್ನೇ ಒಂದು ಸ್ಥಾಯಿ ಕೆಳಗೆ ತರಬೇಕೆಂದು ನಿಶ್ಚಯಿಸಿದರು. ಅಲ್ಲಿಯವರೆಗೆ ಬಾಸ್ ಟ್ರಂಬೋನ್ ಎಂದರೆ ಕೆಳಗೆ ಗುಡುಗಿ ಸುಮ್ಮನಾಗುವ ವಾದ್ಯ. ಸ್ಟಾನ್ ಕೆಂಟನ್ ಬ್ಯಾಂಡಿನಲ್ಲಿ 1940ರ ದಶಕದಲ್ಲೇ ಬಾರ್ಟ್ ವಾರ್ಸಲೋನಾ ಅದಕ್ಕೊಂದು ಖಾಯಂ ಜಾಗ ಮಾಡಿಕೊಟ್ಟಿದ್ದರು. 1951ರಲ್ಲಿ ಅಲ್ಲಿಗೆ ಬಂದ ರಾಬರ್ಟ್ಸ್ ಅದರಿಂದ ಹಾಡು ಹೊರಡಿಸಿದರು. ಎರಡು ವರ್ಷದ ನಂತರ ಹಾಲಿವುಡ್ ಸ್ಟುಡಿಯೋಗಳಿಗೆ ಹೋದರು. ಅಲ್ಲಿ ಸಿನಾಟ್ರಾ ಹಾಡುಗಳಿಗೆ ವಾದ್ಯವೃಂದ ಸಂಯೋಜಿಸುತ್ತಿದ್ದ ನೆಲ್ಸನ್ ರಿಡಲ್, ರಾಬರ್ಟ್ಸ್ ಅವರಿಗಾಗಿಯೇ ಸ್ವರ ಬರೆಯತೊಡಗಿದರು.

ಮಗಳಿಗೆ 1956ರ ಜನವರಿ 12ರಂದು ಧ್ವನಿಮುದ್ರಿತವಾದ 'ಐ ಹ್ಯಾವ್ ಗಾಟ್ ಯೂ ಅಂಡರ್ ಮೈ ಸ್ಕಿನ್' ಹಾಕಿ ಕೊಡಿ. ಸಿನಾಟ್ರಾ ಹಾಡು ನಿಲ್ಲಿಸಿದ ಮೇಲೆ ಏನಾಗುತ್ತದೆ ಎಂದು ಕೇಳಿಸಿಕೊಳ್ಳಲಿ. ಕೆಳಗೆ ಬಾಸ್ ಟ್ರಂಬೋನ್ ಒಂದು ಸಣ್ಣ ಪಲುಕು ಹಿಡಿದು ಅದನ್ನೇ ತಿರುಗಿಸುತ್ತಾ ಹೋಗುತ್ತದೆ. ಅದರ ಮೇಲೆ ಉಳಿದ ಟ್ರಂಬೋನುಗಳು ಒಂದೊಂದಾಗಿ ಏರಿ ಕೂರುತ್ತವೆ. ಒತ್ತಡ ತಾಳದೆ ಮಿಲ್ಟ್ ಬರ್ನ್‌ಹಾರ್ಟ್ ಅವರ ಟ್ರಂಬೋನ್ ಸೋಲೋ ಸಿಡಿದು ಬರುತ್ತದೆ. ಆ ಪಲುಕಿನ ಮೂಲ ಕೆಂಟನ್ ಬ್ಯಾಂಡಿಗೆ ಬಿಲ್ ರೂಸೋ ಬರೆದಿದ್ದ, ಹವಾನಾ ನಗರದ ಅಕ್ಷಾಂಶ ರೇಖಾಂಶವನ್ನೇ ಹೆಸರಾಗಿಟ್ಟುಕೊಂಡ '23 ಡಿಗ್ರೀಸ್ ನಾರ್ತ್, 82 ಡಿಗ್ರೀಸ್ ವೆಸ್ಟ್'. ಅದನ್ನು ರಿಡಲ್ ಅವರಿಗೆ ನೆನಪಿಸಿಕೊಟ್ಟವರು ರಾಬರ್ಟ್ಸ್ ಅವರೇ. ಎಲ್ಲರೂ ಬರ್ನ್‌ಹಾರ್ಟ್ ಸೋಲೋವನ್ನು ಹೊಗಳುತ್ತಾರೆ, ಅದು ನ್ಯಾಯವೇ. ಆದರೆ ಅಡಿಪಾಯ ಹಾಕಿದವರನ್ನು ಕೇಳಿಸಿಕೊಳ್ಳಿ. ಅವರು ಎಲ್ಲೂ ಗಟ್ಟಿಯಾಗಿ ಊದುತ್ತಿಲ್ಲ. ಮೃದಂಗದ ಎಡಗಡೆ ಗುಂಯ್ ಎಂದು ತುಂಬಿಕೊಳ್ಳುವ ಹಾಗೆ ತುಂಬಿಕೊಳ್ಳುತ್ತಾರೆ, ಅಷ್ಟೆ.

ಈಗ ವಾದ್ಯದ ವಿಷಯ. ರಾಬರ್ಟ್ಸ್ ಕಾನ್ ನುಡಿಸಿದ್ದು ನಿಜ. ಅದಕ್ಕೆ ಇದ್ದದ್ದು ಒಂದೇ ವಾಲ್ವ್, ಅಂದರೆ ಗಾಳಿಯನ್ನು ಇನ್ನೊಂದು ಸುರುಳಿ ನಳಿಗೆಗೆ ತಿರುಗಿಸುವ ಕೀಲು. ಮುಂದೆ ಓಲ್ಡ್ಸ್ ಕಂಪನಿ ಅವರ ಹೆಸರಿನಲ್ಲೇ ಒಂದು ಮಾದರಿ ತಂದಿತು, ಅದನ್ನೂ ನುಡಿಸಿದರು. ಎರಡೂ ಕಾಲದ ಧ್ವನಿಮುದ್ರಣ ಹಾಕಿಕೊಂಡು ಕೂತು ಕೇಳಿ. ವಾದ್ಯ ಬದಲಾಯಿತು, ಮನುಷ್ಯ ಬದಲಾಗಲಿಲ್ಲ, ನಾದವೂ ಬದಲಾಗಲಿಲ್ಲ. ವೀಣೆ ಶೇಷಣ್ಣನವರ ವೀಣೆಯನ್ನು ತಂದು ನಿಮ್ಮ ಮಡಿಲಲ್ಲಿಟ್ಟರೆ ಶೇಷಣ್ಣನವರ ಬೆರಳು ಬರುತ್ತದೆಯೇ? ನಮ್ಮವರಿಗೆ ವೀಣೆಯ ವಿಷಯದಲ್ಲಿ ಇದು ತಟ್ಟನೆ ಅರ್ಥವಾಗುತ್ತದೆ. ಟ್ರಂಬೋನ್ ಎಂದ ಕೂಡಲೇ ಯಾಕೆ ಮರೆತುಹೋಗುತ್ತದೋ ನನಗೆ ತಿಳಿಯದು.

'ಪಕ್ವವಾದ ಹಿತ್ತಾಳೆ' ಎಂಬುದು ಶುದ್ಧ ಸುಳ್ಳು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಉಸಿರಿನ ತೇವ, ಎಂಜಲು ದಶಕಗಟ್ಟಲೆ ಒಳಗೆ ನಿಂತರೆ ಸತು ಕರಗಿ ಹೋಗಿ ಲೋಹ ಒಳಗಿನಿಂದ ಟೊಳ್ಳಾಗುತ್ತದೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಡಬಾರದೆಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಮೌತ್‌ಪೀಸ್ ಕೂರುವ ನಳಿಗೆಯ ಸುತ್ತ, ಸ್ಲೈಡಿನ ಬಾಗಿನ ಮೇಲೆ ನಸುಗೆಂಪು ಚುಕ್ಕೆಗಳು ಕಂಡರೆ, ಚುಕ್ಕೆಯ ನಡುವೆ ಕಪ್ಪು ಬಿಂದು ಕಂಡರೆ, ಅದು ವಯಸ್ಸಿನ ಗಾಂಭೀರ್ಯವಲ್ಲ, ಕೊಳೆಯುತ್ತಿರುವ ಗುರುತು. ಎಲ್ಕ್‌ಹಾರ್ಟ್ ಕಾಲದ ಕಾನ್ ಕೆಲಸ ಅಚ್ಚುಕಟ್ಟಾಗಿತ್ತು, 1970ರ ದಶಕದ ಆರಂಭದಲ್ಲಿ ಕೆಲಸ ಟೆಕ್ಸಾಸಿನ ಅಬಿಲೀನ್‌ಗೆ ಹೋದ ಮೇಲೆ ಆ ಹೆಸರು ಉಳಿಯಲಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಚೆನ್ನಾಗಿ ಉಳಿದುಕೊಂಡ ಒಂದು ಎಲ್ಕ್‌ಹಾರ್ಟ್ ಕಾನ್ ಕೈಯಲ್ಲಿ ಹಿಡಿದರೆ ಸಂತೋಷವಾಗುತ್ತದೆ. ಆದರೆ ಮಾರುವವರು ಊರಿನ ಹೆಸರು ಹೇಳಿ ಸ್ಲೈಡಿನ ವಿಷಯ ನುಂಗುತ್ತಾರೆ.

ಇದನ್ನು ನಾನು ಹಣ ತೆತ್ತು ಕಲಿತಿದ್ದೇನೆ. ಮೂವತ್ತರ ವಯಸ್ಸಿನಲ್ಲಿ ಒಂದು ಅಂಗಡಿಯಿಂದ ಫೋಟೋ ನೋಡಿಯೇ ಹಳೆಯ ಬಾಸ್ ಟ್ರಂಬೋನ್ ತರಿಸಿಕೊಂಡೆ. ಬೆಲ್, ಅಂದರೆ ಮುಂದಿನ ಅಗಲವಾದ ಬಾಯಿ, ಕನ್ನಡಿಯಂತೆ ಹೊಳೆಯುತ್ತಿತ್ತು. ಆ ಹೊಳಪು ಬರಲು ಅದನ್ನು ಯಂತ್ರಕ್ಕೆ ಕೊಟ್ಟು ಉಜ್ಜಿ ಉಜ್ಜಿ ಲೋಹವನ್ನೇ ತೆಳುಮಾಡಿದ್ದರು. ಒಳಸ್ಲೈಡಿನ ಲೇಪ ಸವೆದಿತ್ತು, ವಾಲ್ವಿನಲ್ಲಿ ಗಾಳಿ ಸೋರುತ್ತಿತ್ತು. ಎರಡು ವರ್ಷ ನನ್ನ ತುಟಿಯೇ ಸರಿಯಿಲ್ಲ ಎಂದುಕೊಂಡು ತುಟಿಯನ್ನು ಹಿಂಸಿಸಿಕೊಂಡೆ. ಒಬ್ಬ ಬೆಳೆಯುವ ಹುಡುಗಿ ಅದನ್ನೇ ಅನುಭವಿಸುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಆದ್ದರಿಂದ ಯಾವ ವಾದ್ಯ ನೋಡಲು ಹೋದರೂ ಬೆಲ್ಲನ್ನು ಕೊನೆಗೆ ನೋಡಿ. ಮೊದಲು ಹೊರಸ್ಲೈಡ್ ಕಳಚಿ, ಒಳನಳಿಗೆಗಳನ್ನು ಬಟ್ಟೆಯಿಂದ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿಯಿರಿ. ಬೆಳ್ಳಿಯ ಬಣ್ಣದ ಲೇಪದ ನಡುವೆ ಹಳದಿ ಇಣುಕುತ್ತಿದ್ದರೆ ಲೇಪ ಹೋಗಿದೆ ಎಂದರ್ಥ. ಹೊರಸ್ಲೈಡನ್ನು ಪಕ್ಕಕ್ಕೆ ತಿರುಗಿಸಿ ಒಂದೇ ಕಾಲನ್ನು ಒಳಗೆ ಹಾಕಿ ಮೆಲ್ಲಗೆ ಆಡಿಸಿ, ಆಮೇಲೆ ಇನ್ನೊಂದನ್ನು. ಎಲ್ಲಿ ಕೆರೆಯುತ್ತದೋ ಅಲ್ಲಿ ತಗ್ಗಿದೆ ಅಥವಾ ಬಾಗಿದೆ. ಬೇರೆ ಬೇರೆಯಾಗಿ ಸಲೀಸು, ಎರಡೂ ಸೇರಿಸಿದರೆ ಬಿಗಿ ಎಂದರೆ ನಳಿಗೆಗಳು ಸಮಾಂತರವಾಗಿಲ್ಲ. ವಾಲ್ವಿಗೆ ಇನ್ನೂ ಸರಳ ಪರೀಕ್ಷೆ ಇದೆ. ವಾಲ್ವ್ ತಿರುಗಿಸುವ ಟ್ರಿಗರ್ ಒತ್ತದೆ, ಎಫ್ ನಳಿಗೆಯ (ವಾದ್ಯವನ್ನು ಎಫ್ ಸ್ವರಕ್ಕೆ ಇಳಿಸುವ ಸುರುಳಿಯ) ಟ್ಯೂನಿಂಗ್ ಸ್ಲೈಡನ್ನು ಪೂರ್ತಿ ಕಳಚದ ಹಾಗೆ ಒಂದೆರಡು ಇಂಚು ಹೊರಕ್ಕೆ ಎಳೆಯಿರಿ. ಐದು ಎಣಿಸಿ. ಆಗ ಟ್ರಿಗರ್ ಒತ್ತಿ. ಟಪ್ ಎಂದು ಸದ್ದು ಬಂದರೆ ವಾಲ್ವ್ ಗಾಳಿ ಹಿಡಿದಿಟ್ಟಿದೆ. ಸದ್ದೇ ಇಲ್ಲದಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಈ ಪರೀಕ್ಷೆಗೆ ಒಪ್ಪದ ಮಾರಾಟಗಾರನಿಗೂ ನಮಸ್ಕಾರ.

ಇನ್ನೊಂದು ಮಾತು. ಒಂದೇ ವಾಲ್ವಿನ ವಾದ್ಯ ಇಂದಿನ ಶಾಲಾ ಬ್ಯಾಂಡಿಗೆ ಸಾಲದು. ಟ್ರಿಗರ್ ಒತ್ತಿದಾಗ ನಳಿಗೆ ಉದ್ದವಾಗುವುದರಿಂದ ಸ್ಥಾನಗಳೂ ದೂರ ದೂರ ಸರಿಯುತ್ತವೆ, ಸ್ಲೈಡಿನಲ್ಲಿ ಏಳರ ಬದಲು ಆರೇ ಸ್ಥಾನ ಹಿಡಿಸುತ್ತದೆ. ಕೆಳಗಿನ ಸಿ ಸ್ವರಕ್ಕೆ ತೋಳು ಪೂರ್ತಿ ಚಾಚಬೇಕು. ಅದರ ಕೆಳಗಿನ ಬಿ ಸ್ವರ ಇಲ್ಲವೇ ಇಲ್ಲ. ಎಫ್ ನಳಿಗೆಯನ್ನು ಮೊದಲೇ ಹೊರಕ್ಕೆಳೆದು ಇ ಮಾಡಿಕೊಂಡೋ, ತುಟಿಯಿಂದಲೇ ಇಳಿಸಿಯೋ ಹಿಂದಿನವರು ನಿಭಾಯಿಸಿದರು. ಈಗಿನ ಸಂಯೋಜಕರು ಆ ಬಿ ಸ್ವರವನ್ನು ಧಾರಾಳವಾಗಿ ಬರೆಯುತ್ತಾರೆ. ಮಗಳಿಗೆ ಬೇಕಾದದ್ದು ಎರಡು ವಾಲ್ವಿನದು, ಎರಡೂ ಬೇರೆ ಬೇರೆಯಾಗಿ ಕೆಲಸ ಮಾಡುವಂಥದು. ಒಂದಕ್ಕೆ ಎಫ್, ಇನ್ನೊಂದಕ್ಕೆ ಜಿ-ಫ್ಲ್ಯಾಟ್, ಎರಡನ್ನೂ ಒತ್ತಿದರೆ ಡಿ. ಬಾಕ್ ಕಂಪನಿಯ 50ಬಿ3 ಮಾದರಿ ಇಂಥದ್ದು. ಯಮಾಹಾದಲ್ಲೂ ಒಳ್ಳೆಯವಿವೆ. ನಾನಾದರೆ ಈ ವರ್ಷ ಕೊಳ್ಳುವುದನ್ನೇ ಬಿಟ್ಟು ಶಾಲೆಯದ್ದನ್ನೋ ಬಾಡಿಗೆಯದ್ದನ್ನೋ ನುಡಿಸಲು ಹೇಳುತ್ತೇನೆ. ಈ ವಿಷಯದಲ್ಲಿ ನಾನು ಅತಿ ಜಾಗರೂಕ ಎಂದು ಕೆಲವರು ದೂರುತ್ತಾರೆ. ದೂರಲಿ.

ಆ ನಾದ ಬೇಕೆಂದರೆ ರಾಬರ್ಟ್ಸ್ ಮಾಡಿದ್ದನ್ನೇ ಮಾಡಲಿ. ಅವರು ನಿಧಾನದ ಪ್ರೇಮಗೀತೆಗಳನ್ನು ವಾದ್ಯದಲ್ಲಿ ಹಾಡುವುದನ್ನೇ ಅಭ್ಯಾಸವೆಂದುಕೊಂಡವರು, ಕಲಿಯಲು ಬಂದವರಿಗೂ ಅದನ್ನೇ ಹೇಳಿದವರು. ದಿನಕ್ಕೊಂದು ಹಾಡು. ಮೊದಲು ಸಾಹಿತ್ಯ ಬಾಯಿಪಾಠ ಮಾಡಿ ಬಾಯಲ್ಲಿ ಹಾಡಲಿ, ಗಾಯಕರು ಎಲ್ಲಿ ಉಸಿರು ತೆಗೆದುಕೊಂಡರು ಎಂದು ಗುರುತು ಹಾಕಿಕೊಳ್ಳಲಿ, ಆಮೇಲೆ ಅದೇ ಜಾಗದಲ್ಲಿ ಉಸಿರು ತೆಗೆದುಕೊಂಡು ಒಂದು ಸ್ಥಾಯಿ ಕೆಳಗೆ ನುಡಿಸಲಿ. ಆರು ತಿಂಗಳು ಬಿಡದೆ ಮಾಡಿ, ಆಗಲೂ ವಾದ್ಯ ಅಡ್ಡಬರುತ್ತಿದೆ ಎನಿಸಿದರೆ ಮತ್ತೆ ಬರೆಯಿರಿ.

ಪ್ರಶ್ನೆ: ಟೆನರ್ ಟ್ರಂಬೋನಿಗೆ ಎಫ್ ಟ್ರಿಗರ್ ಇದ್ದರೆ ಅದೇ ಬಾಸ್ ಆಗುವುದಿಲ್ಲವೇ?

ಆಗುವುದಿಲ್ಲ. ಎರಡರ ಉದ್ದ ಒಂದೇ, ಸುಮಾರು 9 ಅಡಿ. ಆದರೆ ಬಾಸ್‌ನ ಬೋರ್ (ನಳಿಗೆಯ ಒಳವ್ಯಾಸ) 14.3 ಮಿಲಿಮೀಟರ್, ದೊಡ್ಡ ಟೆನರಿನದು 13.9. ಬೆಲ್ ಎಂಟೂವರೆ ಇಂಚಿನ ಬದಲು ಒಂಬತ್ತೂವರೆ, ಕೆಲವಕ್ಕೆ ಹತ್ತು. ಕೇಳಲು ಅಲ್ಪ ವ್ಯತ್ಯಾಸ, ಉಸಿರಿಗೆ ಅಲ್ಪವಲ್ಲ.

ಪ್ರಶ್ನೆ: ಮೌತ್‌ಪೀಸ್ ದೊಡ್ಡದಾದಷ್ಟೂ ಕೆಳಸ್ವರ ಸುಲಭವೇ?

ಅಲ್ಲ. ಬಾಕ್ 1½ಜಿ ಎಂಬ ಬಾಸ್ ಮೌತ್‌ಪೀಸಿನಲ್ಲಿ ಬಾರದ ಸ್ವರ ಬಕೆಟ್ ಗಾತ್ರದ್ದರಲ್ಲೂ ಬರುವುದಿಲ್ಲ.

ಪ್ರಶ್ನೆ: ಬೆಲ್ಲನ್ನು ದ್ರವ ಸಾರಜನಕದಲ್ಲಿ ಅದ್ದಿಸಿದರೆ ನಾದ ತೆರೆದುಕೊಳ್ಳುತ್ತದೆ ಎನ್ನುತ್ತಾರೆ, ಮಾಡಿಸಲೇ?

ಆ ದುಡ್ಡಿಗೆ ವಾದ್ಯ ತೊಳೆಸಿ, ಸ್ಲೈಡ್ ನೇರ ಮಾಡಿಸಿ.

ಪ್ರಶ್ನೆ: ಕೌಂಟ್ ಬೇಸಿ, ಡ್ಯೂಕ್ ಎಲಿಂಗ್ಟನ್ ಅವರ ಜಾಝ್ ಬ್ಯಾಂಡುಗಳಲ್ಲಿ ಬಾಸ್ ಟ್ರಂಬೋನ್ ಇತ್ತೇ? ಅವರು ಬಳಸಿದ ವಾದ್ಯ ಯಾವುದು?

ಇತ್ತು. ಎಲಿಂಗ್ಟನ್ ಬಳಿ 1961ರಿಂದ ಚಕ್ ಕಾನರ್ಸ್ ಇದ್ದರು. ಬೇಸಿ ಬ್ಯಾಂಡಿನ ಬಿಲ್ ಹ್ಯೂಸ್ ಕಥೆ ನನಗೆ ಬಹಳ ಪ್ರಿಯ. ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಓದಿದವರು 1953ರಲ್ಲಿ ಟೆನರ್ ಹಿಡಿದು ಬ್ಯಾಂಡ್ ಸೇರಿದರು, ನಡುವೆ ಬಿಟ್ಟುಹೋದರು, 1963ರಲ್ಲಿ ಮರಳಿ ಬಂದು ಬಾಸ್ ಹಿಡಿದರು. ಟ್ರಂಬೋನ್ ಸಾಲಿನ ಕೊನೆಯ ಕುರ್ಚಿಯಲ್ಲಿ ದಶಕಗಟ್ಟಲೆ ಕೂತು, 2003ರಲ್ಲಿ ಇಡೀ ಬ್ಯಾಂಡಿನ ನಾಯಕರಾದರು. 2010ರವರೆಗೆ ನಡೆಸಿದರು. ಇಷ್ಟನ್ನು ಬಿಟ್ಟು ವಾದ್ಯದ ನಂಬರ್ ಕೇಳುತ್ತೀರಲ್ಲ!

ಪ್ರಶ್ನೆ: ಮಗನಿಗೆ ಆಸ್ತಮಾ. ಟ್ರಂಬೋನ್ ಊದಿದರೆ ವಾಸಿಯಾಗುತ್ತದೆ, ಇನ್ಹೇಲರ್ ಬಿಡಿಸಿ ಎಂದು ಆನ್‌ಲೈನ್ ಉಸಿರಾಟದ ಗುರುಗಳೊಬ್ಬರು ಹೇಳುತ್ತಾರೆ. ನಿಜವೇ?

ಇನ್ಹೇಲರ್ ಬಿಡಿಸಬೇಡಿ. ಆ ತರಗತಿಯಿಂದ ಮಗನನ್ನು ಇವತ್ತೇ ಬಿಡಿಸಿ. ವಾದ್ಯ ನುಡಿಸಬಹುದೇ, ಎಷ್ಟು ಹೊತ್ತು ಎಂಬುದನ್ನು ಅವನನ್ನು ನೋಡುವ ವೈದ್ಯರು ಹೇಳಲಿ. ನಾನು ಹಿತ್ತಾಳೆಯ ಕೆಲಸ ಬಲ್ಲವನು, ಶ್ವಾಸಕೋಶದ ಕೆಲಸ ಬಲ್ಲವನಲ್ಲ. ಆ ಗುರುಗಳೂ ಅಲ್ಲ.

ಪ್ರಶ್ನೆ: ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿನಲ್ಲಿ ಸಾಧಿಸಿದ್ದನ್ನು ಬಾಸ್ ಟ್ರಂಬೋನಿನಲ್ಲಿ ಮಾಡಬಹುದೇ? ಸ್ಲೈಡ್ ಇರುವುದರಿಂದ ಗಮಕ ತಾನಾಗಿ ಬರುತ್ತದಲ್ಲವೇ?

ತಾನಾಗಿ ಬರುವುದು ಜಾರು ಮಾತ್ರ. ಗಮಕಕ್ಕೆ ಎಲ್ಲಿಂದ ಹೊರಟು ಎಲ್ಲಿ ನಿಲ್ಲಬೇಕೆಂಬ ಲೆಕ್ಕ ಬೇಕು, ಇಲ್ಲಿ ಆ ಲೆಕ್ಕವನ್ನು ಸುಮಾರು ಎರಡು ಅಡಿ ಉದ್ದದ ಸ್ಲೈಡಿನ ಮೇಲೆ ತೋಳೇ ಮಾಡಬೇಕು. ಬಾಸ್‌ನ ಕೆಳಸ್ಥಾಯಿಯಲ್ಲಿ ಸ್ವರ ಹುಟ್ಟುವುದೇ ತುಸು ತಡ, ದ್ರುತದಲ್ಲಿ ಎಲ್ಲ ಕಲಸಿಹೋಗುತ್ತದೆ. ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ ಮೇಲೆ ಅದನ್ನು ಪಳಗಿಸಲು ವರ್ಷಗಟ್ಟಲೆ ದುಡಿದರು. ಅದೂ ನಾಗಸ್ವರದ ಮನೆಯಿಂದ ಬಂದವರು. ನಿಮಗೆ ನಿಜವಾದ ಆಸೆ ಇದ್ದರೆ ಟೆನರ್ ತೆಗೆದುಕೊಳ್ಳಿ, ಸಂಗೀತದ ಮೇಷ್ಟರೊಬ್ಬರನ್ನು ಹುಡುಕಿಕೊಳ್ಳಿ, ತಂಬೂರಿ ಶ್ರುತಿ ಹಾಕಿಕೊಂಡು ಮಾಯಾಮಾಳವಗೌಳದ ಸರಳೆ ವರಸೆಯನ್ನು ಮೊದಲ ಕಾಲದಲ್ಲಿ ಮಾತ್ರ ನುಡಿಸಿ. ಎರಡನೆಯ ಕಾಲಕ್ಕೆ ಹೋಗಲು ಮೇಷ್ಟರು ಹೇಳುವವರೆಗೆ ಕಾಯಿರಿ.