ತರಕಾರಿ ಹೆಚ್ಚುವವರು ಯಾರು?

ಡೊಂಬಿವಲಿಯ ಓದುಗರೊಬ್ಬರು ಉದ್ದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು. ವಯಸ್ಸು 46. ಊರು ಉಡುಪಿ ಕಡೆ, ನೌಕರಿ ಮುಂಬಯಿಯ ಫೋರ್ಟಿನಲ್ಲಿ. ಶುಗರ್ ಗಡಿಯಲ್ಲಿದೆ, ಹತ್ತು ಕಿಲೋ ಇಳಿಸಿ ಎಂದರು ಡಾಕ್ಟರು. ಇವರು ಮೀನು, ಮೊಟ್ಟೆ, ಹಾಲು ಎಲ್ಲ ಬಿಟ್ಟು ತರಕಾರಿ, ಸೊಪ್ಪು, ಕಾಳಿನ ಊಟ ಶುರುಮಾಡಿದರು. ನಾಲ್ಕು ಕಿಲೋ ಇಳಿಯಿತು. ಆಮೇಲೆ ನಿಂತುಬಿಟ್ಟಿತು. "ಗಂಡನಿಗೂ ಮಗನಿಗೂ ಬೇರೆ ಅಡುಗೆ, ನನಗೆ ಬೇರೆ. ರಾತ್ರಿ ಎಂಟೂವರೆಗೆ ಮನೆಗೆ ಬಂದು ಹರಿವೆ ಸೊಪ್ಪು ಬಿಡಿಸುತ್ತಾ ಕೂತರೆ ಅಳು ಬರುತ್ತದೆ. ನಮ್ಮ ಬಿಲ್ಡಿಂಗಿನ ಒಬ್ಬರು ಡಬ್ಬಿ ಪುಡಿ ಮಾರುತ್ತಾರೆ. ಎರಡು ಹೊತ್ತು ಅದನ್ನೇ ಕಲಸಿ ಕುಡಿದರೆ ಸಾಕಂತೆ. ಈ ತರಕಾರಿ ಊಟ ಕೊನೆಯವರೆಗೆ ನಡೆಸಲು ಆಗುತ್ತದಾ, ಇಲ್ಲ ಬಿಟ್ಟುಬಿಡಲಾ?" ಎಂದು ಕೇಳಿದ್ದಾರೆ.

ಅಕ್ಕ, ಬಿಡಬೇಡಿ. ನಾಲ್ಕು ಕಿಲೋ ಇಳಿಸಿದ್ದನ್ನು ನೀವು ಏನೋ ತಪ್ಪು ಮಾಡಿದವರ ಹಾಗೆ ಬರೆದಿದ್ದೀರಿ. ಅದನ್ನು ಓದಿ ನನಗೆ ಬೇಸರವಾಯಿತು. ಬೆಳಿಗ್ಗೆ ಸಂಜೆ ಲೋಕಲ್ ರೈಲಿನಲ್ಲಿ ನಿಂತೇ ಹೋಗಿ ಬಂದು, ಮನೆಯಲ್ಲಿ ಯಾರ ಸಹಾಯವೂ ಇಲ್ಲದೆ ನಾಲ್ಕು ಕಿಲೋ ಇಳಿಸಿದ್ದೀರಿ. ಜಿಮ್ಮಿಗೆ ವರ್ಷದ ದುಡ್ಡು ಕಟ್ಟಿ ಒಂದು ಕಿಲೋ ಇಳಿಸದವರು ನನ್ನ ಪರಿಚಯದಲ್ಲೇ ಬೇಕಾದಷ್ಟಿದ್ದಾರೆ.

ತೂಕ ನಿಂತದ್ದಕ್ಕೆ ಹೆದರಬೇಡಿ. ಮೊದಮೊದಲು ಇಳಿಯುವುದರಲ್ಲಿ ನೀರಿನ ಪಾಲೂ ಇರುತ್ತದೆ. ದೇಹ ಹಗುರಾದ ಹಾಗೆ ಅದಕ್ಕೆ ಬೇಕಾದ ಕ್ಯಾಲೊರಿಯೂ ತಗ್ಗುತ್ತದೆ. ಮೊದಲು ತೂಕ ಇಳಿಸಿದ ಊಟವೇ ಈಗ ಅದನ್ನು ಇದ್ದಲ್ಲೇ ಇರಿಸುತ್ತದೆ. ಇಲ್ಲಿ ನೀವು ನೋಡಬೇಕಾದದ್ದು ಎಣ್ಣೆ ಮತ್ತು ತೆಂಗಿನಕಾಯಿ. ನಾವು ಕರಾವಳಿಯವರು, ಕಾಯಿ ಹಾಕದ ಪಲ್ಯವನ್ನು ಪಲ್ಯ ಎಂದು ಒಪ್ಪುವುದೇ ಇಲ್ಲ. ಆದರೆ ಲೆಕ್ಕ ನೋಡಿ. ಅರ್ಧ ಕಿಲೋ ಸೋರೆಕಾಯಿಯಲ್ಲಿ 75 ಕ್ಯಾಲೊರಿ ಇದ್ದರೆ ಹೆಚ್ಚು. ಒಗ್ಗರಣೆಗೆ ಸುರಿಯುವ ಒಂದೇ ದೊಡ್ಡ ಚಮಚ ಎಣ್ಣೆಯಲ್ಲಿ 120 ಇರುತ್ತದೆ. 100 ಗ್ರಾಂ ಕಾಯಿತುರಿಯಲ್ಲಿ 350. ಕಾಯಿ ಪೂರ್ತಿ ಬಿಡಿ ಎಂದು ನಾನು ಹೇಳುವುದಿಲ್ಲ, ಹಿಡಿ ಇದ್ದದ್ದು ಚಿಟಿಕೆಯಾಗಲಿ.

ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ದಶಕಗಳಿಂದ ಅಭ್ಯಾಸ ಮಾಡಿದ್ದು ಇದನ್ನೇ. ಹೊಟ್ಟೆ ತುಂಬಿತು ಎಂದು ಅನಿಸುವುದರಲ್ಲಿ ತಿಂದ ಊಟದ ತೂಕ ಮತ್ತು ಗಾತ್ರಕ್ಕೆ ದೊಡ್ಡ ಪಾಲಿದೆ. ನೀರು, ನಾರು ತುಂಬಿದ ತರಕಾರಿ ಜಾಸ್ತಿ ಇದ್ದರೆ, ಅಷ್ಟೇ ತಿಂದರೂ ಕ್ಯಾಲೊರಿ ಕಡಿಮೆಯಾಗುತ್ತದೆ. 2021ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವಿದೆ. ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಜನರನ್ನು ನಾಲ್ಕು ವಾರ ತಮ್ಮ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಎರಡು ವಾರ ಕೊಬ್ಬು ಕಡಿಮೆ ಇರುವ ಸಸ್ಯಾಹಾರ, ಎರಡು ವಾರ ಮಾಂಸ, ಕೊಬ್ಬು ಜಾಸ್ತಿ ಇರುವ ಕೀಟೋ ಊಟ. ಎಷ್ಟು ಬೇಕೋ ಅಷ್ಟು ತಿನ್ನಿ ಎಂದರು. ಸಸ್ಯಾಹಾರದ ದಿನಗಳಲ್ಲಿ ಅವರು ದಿನಕ್ಕೆ 550ರಿಂದ 700 ಕ್ಯಾಲೊರಿ ಕಡಿಮೆ ತಿಂದರು. ಹಸಿವು ಮಾತ್ರ ಎರಡರಲ್ಲೂ ಒಂದೇ ಥರ ಇತ್ತು. ಕೀಟೋ ಊಟದಲ್ಲೂ ತೂಕ ಇಳಿಯಿತು, ಅದನ್ನೂ ಹೇಳಿಬಿಡುತ್ತೇನೆ.

ಇದು ಆಸ್ಪತ್ರೆಯೊಳಗಿನ ಮಾತಾಯಿತು. ನೀವು ಕೇಳಿದ್ದು ಮನೆಯಲ್ಲಿ ನಡೆಯುತ್ತದಾ ಎಂದು. ನ್ಯೂಜಿಲೆಂಡಿನ ಗಿಸ್‌ಬರ್ನ್ ಎಂಬ ಊರಲ್ಲಿ ನಡೆಸಿದ ಒಂದು ಅಧ್ಯಯನ 2017ರಲ್ಲಿ ಬಂತು. ತರಕಾರಿ, ಕಾಳು, ಧಾನ್ಯ, ಹಣ್ಣು, ಎಣ್ಣೆ ಕಡಿಮೆ. ಕ್ಯಾಲೊರಿ ಎಣಿಸಬೇಕಿಲ್ಲ, ಹೊಟ್ಟೆ ತುಂಬ ತಿನ್ನಬಹುದು. ಆ ಊಟ ಮಾಡಿದವರು ಆರು ತಿಂಗಳಲ್ಲಿ ಸರಾಸರಿ 12 ಕಿಲೋ ಇಳಿಸಿದರು. ವರ್ಷ ಕಳೆದ ಮೇಲೂ ಅದರಲ್ಲಿ 11.5 ಕಿಲೋ ಇಳಿದೇ ಇತ್ತು. ನನಗೆ ಈ ಅಂಕಿಗಿಂತ ಮುಖ್ಯ ಅನಿಸಿದ್ದು ಅವರು ಅದನ್ನು ನಡೆಸಿದ ರೀತಿ. ಮೊದಲ 12 ವಾರ, ವಾರಕ್ಕೆ ಎರಡು ಸಂಜೆ, ಎಲ್ಲರೂ ಒಟ್ಟಿಗೆ ಸೇರುತ್ತಿದ್ದರು. ಅಡುಗೆ ಮಾಡಿ ತೋರಿಸಲು ಬಾಣಸಿಗರಿದ್ದರು. ಒಬ್ಬರನ್ನೇ ಒಲೆ ಮುಂದೆ ಬಿಟ್ಟು ನಿನ್ನ ಮನೋಬಲ ಪರೀಕ್ಷಿಸಿಕೋ ಎಂದು ಯಾರೂ ಹೇಳಲಿಲ್ಲ.

ಈಗ ನಿಮ್ಮ ಪತ್ರದ ನಿಜವಾದ ಸಾಲಿಗೆ ಬರುತ್ತೇನೆ. ರಾತ್ರಿ ಎಂಟೂವರೆ, ಹರಿವೆ ಸೊಪ್ಪು, ಅಳು. ತೂಕದ ಬಗ್ಗೆ ಬರೆಯುವವರು ಈ ಸಾಲನ್ನು ಹಾರಿಸಿಬಿಡುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗದರ್ಶಿಯ ಪ್ರಕಾರ ಒಬ್ಬರಿಗೆ ದಿನಕ್ಕೆ ಹಣ್ಣು ಬಿಟ್ಟು ತರಕಾರಿಯೇ ಸುಮಾರು 400 ಗ್ರಾಂ ಬೇಕು. ಒಳ್ಳೆಯ ಸಲಹೆ, ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಮೂರು ಜನರ ಮನೆಗೆ ದಿನಕ್ಕೆ ಒಂದು ಕಿಲೋ ಇನ್ನೂರು ಗ್ರಾಂ ಆಯಿತು. ವಾರಕ್ಕೆ ಎಂಟು ಕಿಲೋ ದಾಟುತ್ತದೆ. ಅದನ್ನು ಆರಿಸಿ, ಹೊತ್ತು ತಂದು, ತೊಳೆದು, ಬಿಡಿಸಿ, ಸಿಪ್ಪೆ ತೆಗೆದು, ಹೆಚ್ಚುವವರು ಯಾರು? ಅನ್ನಕ್ಕೆ ಅಕ್ಕಿ ತೊಳೆದಿಟ್ಟರೆ ಆಯಿತು. ಒಂದು ಕಟ್ಟು ಹರಿವೆ ಬಿಡಿಸುವುದು ಅಷ್ಟರಲ್ಲಿ ಮುಗಿಯುವ ಕೆಲಸವಲ್ಲ. ಮಳೆಗಾಲದಲ್ಲಿ ಎಲೆ ಎಲೆಯನ್ನೂ ಮಗುಚಿ ಹುಳ ನೋಡಬೇಕು.

ಕರ್ಜತ್ ಲೋಕಲಿನ, ವಿರಾರ್ ಲೋಕಲಿನ ಹೆಂಗಸರ ಡಬ್ಬಿಯಲ್ಲಿ ಸಂಜೆ ಹೊತ್ತು ಕೂತವರಿಗೆ ಗೊತ್ತು. ತೊಡೆ ಮೇಲೆ ಚೀಲ ಹರಡಿಕೊಂಡು ಮೆಂತ್ಯೆ ಸೊಪ್ಪು ಬಿಡಿಸುತ್ತಾರೆ, ಬಟಾಣಿ ಸುಲಿಯುತ್ತಾರೆ, ಅಲಸಂಡೆ ಮುರಿಯುತ್ತಾರೆ. ಪೇಪರಿನವರು ಅದರ ಫೋಟೋ ಹಾಕಿ ಮುಂಬಯಿಯ ಹುಮ್ಮಸ್ಸು ಎಂದು ಹೊಗಳುತ್ತಾರೆ. ನನಗೆ ಆ ಫೋಟೋ ನೋಡಿದರೆ ಹೊಟ್ಟೆ ಉರಿಯುತ್ತದೆ. ಎಂಟು ಗಂಟೆ ದುಡಿದವರು ರೈಲಿನಲ್ಲೂ ಅಡುಗೆಗೆ ಕೂರಬೇಕಾಗಿದೆ ಎಂದರೆ, ಮನೆಯಲ್ಲಿ ಆ ಕೆಲಸಕ್ಕೆ ಇನ್ನೊಂದು ಕೈ ಇಲ್ಲ ಎಂದೇ ಅರ್ಥ ಅಲ್ವಾ? ಪಕ್ಕದ ಗಂಡಸರ ಡಬ್ಬಿಯಲ್ಲಿ ಇಸ್ಪೀಟು ನಡೆಯುತ್ತದೆ, ಭಜನೆ ನಡೆಯುತ್ತದೆ. ಬಟಾಣಿ ಸುಲಿಯುವ ಗಂಡಸನ್ನು ನಾನಂತೂ ಕಂಡಿಲ್ಲ.

ನಮ್ಮವರ ವಿಷಯದಲ್ಲಿ ಇದು ಇನ್ನೂ ವಿಚಿತ್ರ. ಉಡುಪಿ, ಕುಂದಾಪುರ ಕಡೆಯಿಂದ ಹುಡುಗರಾಗಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದ ತಲೆಮಾರು ನಮ್ಮದು. ಈ ಊರಿಗೆ ಇಡ್ಲಿ, ಸಾಂಬಾರು ಉಣಿಸಿದವರು ಗಂಡಸರು. ಮಾಟುಂಗಾದ ಹೋಟೆಲೊಂದರಲ್ಲಿ ಇಡೀ ಆಯುಷ್ಯ ಕಳೆದ ಹಿರಿಯರೊಬ್ಬರು ನನ್ನ ಕಚೇರಿಗೆ ಆಗಾಗ ಬರುತ್ತಿದ್ದರು. ಗೋಣಿಗಟ್ಟಲೆ ಈರುಳ್ಳಿ, ಬಟಾಟೆ ಹೆಚ್ಚಿಯೇ ಅವರು ಕೆಲಸ ಕಲಿತದ್ದು. ಬೀನ್ಸ್ ಎಷ್ಟು ಸಣ್ಣಗೆ ಹೆಚ್ಚಿದರೆ ಎಷ್ಟು ನಿಮಿಷದಲ್ಲಿ ಬೇಯುತ್ತದೆ ಎಂದು ಬಾಯಲ್ಲೇ ಹೇಳುತ್ತಿದ್ದರು. ಮನೆಯಲ್ಲಿ ಮೆಟ್ಟುಕತ್ತಿ ಮುಟ್ಟುತ್ತೀರಾ ಎಂದು ಕೇಳಿದೆ. "ಛೆ, ಮನೆಯಲ್ಲಿ ಯಾಕೆ?" ಎಂದರು. ಅವರ ಹೆಂಡತಿಗೆ ಆಗ ಮಂಡಿ ನೋವು, ನೆಲಕ್ಕೆ ಕೂರಲು ಆಗುತ್ತಿರಲಿಲ್ಲ. ಅವರಿಗೂ ಡಾಕ್ಟರು ತೂಕ ಇಳಿಸಿ, ತರಕಾರಿ ತಿನ್ನಿ ಎಂದೇ ಹೇಳಿದ್ದರು. ಆ ಮನೆಯಲ್ಲಿ ಹೆಚ್ಚುವವರಿಲ್ಲದೆ ದಿನವೂ ಅನ್ನ, ತಿಳಿಸಾರು, ಹಪ್ಪಳವೇ ಊಟವಾಗಿತ್ತು.

ಆದ್ದರಿಂದ ನಿಮಗೆ ನನ್ನ ಒಂದು ಸಣ್ಣ ಗದರಿಕೆ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಎರಡು ಅಡುಗೆ ಮಾಡುವುದನ್ನು ನಿಲ್ಲಿಸಿ. ನಿಮ್ಮ ತರಕಾರಿ ಊಟ ಮನೆಯ ಊಟವಾಗಲಿ. ಬೇಕಿದ್ದವರು ತಮ್ಮ ಮೀನು ತಾವೇ ತಂದು, ತಾವೇ ಕಾಯಿಸಿಕೊಳ್ಳಲಿ. ನಿಮ್ಮ ಗಂಡನ ವಯಸ್ಸು ನೀವು ಬರೆದಿಲ್ಲ, ಆದರೆ ಅವರಿಗೂ ಈ ಊಟ ಬೇಕು. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೂ ಬ್ರಿಟಿಷ್ ಗೆಳೆಯ ಜಾನ್ ಯುಡ್ಕಿನ್ ಅವರದೂ ಫೋಟೋ ಹಾಕಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ, 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್ ಅವರಿಗೆ ಶೇ. 9.1, ಯಾಜ್ಞಿಕರಿಗೆ ಶೇ. 21.2. ತೆಳ್ಳಗೆ ಕಾಣುವ ನಮ್ಮ ಗಂಡಸರ ಹೊಟ್ಟೆಯೊಳಗೆ ಏನಿದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಿದ್ದರೆ ಅವರೂ ನಿಮ್ಮ ಸಾಲಿನಲ್ಲೇ ಇದ್ದಾರೆ. ಮಗ ದೊಡ್ಡವನಾಗಿದ್ದರೆ ಭಾನುವಾರದ ಹೆಚ್ಚುವ ಕೆಲಸ ಅವನದು. ಕ್ಯಾಬೇಜು, ಬೀನ್ಸ್, ಕ್ಯಾರೆಟ್ಟು ಹೆಚ್ಚಿ ಡಬ್ಬಿಯಲ್ಲಿಟ್ಟರೆ ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ.

ಪುಡಿಯ ಬಗ್ಗೆ ಕೇಳಿದ್ದೀರಿ. ಪುಡಿ ಕುಡಿದರೂ ತೂಕ ಇಳಿಯುತ್ತದೆ, ಸುಳ್ಳಲ್ಲ. 2017ರಲ್ಲಿ ಬ್ರಿಟನ್ನಿನಲ್ಲಿ ಡಾಕ್ಟರು, ನರ್ಸುಗಳ ನಿಗಾದಲ್ಲಿ ಕೆಲವು ತಿಂಗಳು ಬರೀ ಶೇಕ್, ಸೂಪು ಕೊಟ್ಟು, ಶೇ. 46ರಷ್ಟು ಜನರ ಮಧುಮೇಹ ಹಿಂದೆ ಸರಿದದ್ದನ್ನು ತೋರಿಸಿದ್ದಾರೆ. ಆದರೆ ನಿಮ್ಮ ಬಿಲ್ಡಿಂಗಿನವರು ಡಾಕ್ಟರಲ್ಲ, ನಿಮ್ಮ ರಕ್ತ ಪರೀಕ್ಷೆಯ ಕಾಗದವನ್ನೂ ಅವರು ಕೇಳಿಲ್ಲ. ಡಬ್ಬಿ ಮುಗಿದ ಮೇಲೆ ಏನು ತಿನ್ನಬೇಕು ಎಂದು ಅವರನ್ನೇ ಕೇಳಿ ನೋಡಿ.

ಬಾಯಿರುಚಿ ಕೆಟ್ಟಿದೆ ಎಂದೂ ಬರೆದಿದ್ದೀರಿ. ಆವಿಯಲ್ಲಿ ಬೇಯಿಸಿದ ಬ್ರೊಕೊಲಿ, ಉಪ್ಪಿಲ್ಲದ ಸೂಪು ತಿಂದರೆ ಯಾರಿಗಾದರೂ ಕೆಡುತ್ತದೆ. ನಮ್ಮ ಅಡುಗೆಮನೆಗೆ ಬನ್ನಿ. ಬಸಳೆ ಮತ್ತು ಹೆಸರುಕಾಳು, ಮಂಗಳೂರು ಸೌತೆಯ ಹುಳಿ, ಬಾಳೆದಿಂಡಿನ ಕೋಸಂಬರಿ, ಹುರುಳಿ ಸಾರು. ಉತ್ತರ ಕರ್ನಾಟಕದ ನೆರೆಯವರಿದ್ದರೆ ಅವರಿಂದ ಪಚಡಿ ಕಲಿಯಿರಿ. ಜೋಳದ ರೊಟ್ಟಿ ಜೊತೆ ಹಸಿ ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲು, ಸವತಿಕಾಯಿ ತಟ್ಟೆ ತುಂಬ ತಿನ್ನುವ ಅವರ ಪದ್ಧತಿಗೆ ಯಾವ ಡಯಟ್ ಪುಸ್ತಕವೂ ಬೇಕಿಲ್ಲ. ಮಳೆಗಾಲದಲ್ಲಿ ಬೊರಿವಲಿ, ಠಾಣೆ ಸ್ಟೇಷನ್ ಹತ್ತಿರ ಆದಿವಾಸಿ ಹೆಂಗಸರು ಟಾಕಳಾ ಸೊಪ್ಪು ಮಾರುತ್ತಾರೆ. ನಾವು ಆಟಿ ತಿಂಗಳಲ್ಲಿ ಹುಡುಕಿ ತಿನ್ನುತ್ತಿದ್ದ ತಜಂಕ್ ಅದೇ. ಅವರ ಬುಟ್ಟಿಯಲ್ಲಿ ಕರಟೋಲಿಯೂ ಇರುತ್ತದೆ, ನಮ್ಮ ಮಡಹಾಗಲ. ದಾದರಿನಲ್ಲಿ ಮೊಳಕೆ ಬರಿಸಿ ಸುಲಿದ ವಾಲ್ ಕಾಳು ಸಿಗುತ್ತದೆ. ಸುಲಿಯುವ ಕೆಲಸ ಇನ್ನೊಬ್ಬ ಹೆಂಗಸು ಮಾಡಿದ್ದಾಳೆ, ಚೌಕಾಸಿ ಮಾಡದೆ ದುಡ್ಡು ಕೊಡಿ.

ಆ ಹೆಂಗಸರ ಮಾತು ಬಂದದ್ದರಿಂದ ಹೇಳುತ್ತೇನೆ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಸೇತುವೆಯಲ್ಲಿ ಕಾಲ್ತುಳಿತವಾಗಿ 23 ಜನ ಸತ್ತರು. ಆ ವರ್ಷವೇ ಸ್ಟೇಷನ್ನಿನಿಂದ 150 ಮೀಟರ್ ಒಳಗೆ ಯಾರೂ ವ್ಯಾಪಾರಕ್ಕೆ ಕೂರಬಾರದು ಎಂದಾಯಿತು. ಸೇತುವೆ ಖಾಲಿ ಇರಬೇಕು, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ನಿಮ್ಮಂಥವರು ರೈಲು ಇಳಿದು ಮನೆಗೆ ನಡೆಯುವ ದಾರಿಯಲ್ಲೇ ಸೊಪ್ಪು ಸಿಗುತ್ತಿತ್ತು. ಬೀದಿ ವ್ಯಾಪಾರಿಗಳಿಗೆ ಜಾಗ ಗೊತ್ತುಮಾಡಿ ಕೊಡಬೇಕು ಎನ್ನುವ ಕಾನೂನು 2014ರಲ್ಲೇ ಬಂದಿದೆ. ಜಾಗ ಕೊಡುವುದು ತಡ, ಬುಟ್ಟಿ ಎತ್ತಿಕೊಂಡು ಹೋಗುವ ಲಾರಿ ಮಾತ್ರ ತಡಮಾಡುವುದಿಲ್ಲ. ಆ ಬುಟ್ಟಿಯ ಜಾಗದಲ್ಲಿ ಈಗ ಮೊಬೈಲಿನ ಆ್ಯಪ್ ಬಂದಿದೆ. ಸೊಪ್ಪು ಹುಡುಕಿದರೆ ಪಕ್ಕದಲ್ಲೇ ಚಿಪ್ಸ್ ತೋರಿಸುತ್ತದೆ.

ನಮ್ಮ ಸಂಘ ಸಂಸ್ಥೆಗಳ ಊಟವೂ ಹಾಗೇ ಆಗಿದೆ. ವಾರ್ಷಿಕೋತ್ಸವಕ್ಕೆ ಹೋದರೆ ಗೋಬಿ ಮಂಚೂರಿ, ಪನೀರು, ಪೂರಿ, ಪುಲಾವು, ಎರಡು ಸಿಹಿ. ಎಲೆಯ ತುದಿಗೆ ಒಂದು ಚಮಚ ಪಲ್ಯ. ಕೇಳಿದರೆ ಪಲ್ಯ ಯಾರೂ ತಿನ್ನುವುದಿಲ್ಲ ಎನ್ನುತ್ತಾರೆ. ಬಡಿಸದೆ ತಿನ್ನುವುದು ಹೇಗೆ? ವೇದಿಕೆ ಮೇಲೆ ಊರಿನ ಸಂಸ್ಕೃತಿಯ ಭಾಷಣ ಮುಗಿಸಿ ಕೆಳಗೆ ಇಳಿದು ಮೈದಾ ತಿನ್ನುವ ಅಭ್ಯಾಸ ನಮ್ಮ ಪದಾಧಿಕಾರಿಗಳು ಬಿಡಬೇಕು.

ಕೊನೆಗೆ ಒಂದು ಮಾತು, ಇದನ್ನು ಮರೆಯಬೇಡಿ. ಮೀನು, ಮೊಟ್ಟೆ, ಹಾಲು ಮೂರೂ ಬಿಟ್ಟವರಿಗೆ ಬಿ12 ಜೀವಸತ್ವ ತರಕಾರಿಯಿಂದ ಸಿಗುವುದಿಲ್ಲ. ಗಿಸ್‌ಬರ್ನ್‌ನವರಿಗೂ ಬಿ12 ಮಾತ್ರೆ ಕೊಟ್ಟಿದ್ದರು. ಅದು ಕಡಿಮೆಯಾದರೆ ಸುಸ್ತು, ಕೈಕಾಲು ಜೋಮು. ರಾತ್ರಿ ನಿಮಗೆ ಅಳು ಬರುವುದರಲ್ಲಿ ಸುಸ್ತಿನ ಪಾಲೂ ಇರಬಹುದು. ಈ ವಾರವೇ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದಷ್ಟು ಮಾತ್ರೆ ತೆಗೆದುಕೊಳ್ಳಿ. ಬೇಕೆನಿಸಿದರೆ ದಿನಕ್ಕೊಂದು ಲೋಟ ಮಜ್ಜಿಗೆಗೆ ವಾಪಸು ಬನ್ನಿ, ಅದರಿಂದ ನಿಮ್ಮ ವ್ರತವೇನೂ ಕೆಡುವುದಿಲ್ಲ.

ಈ ಪುಟವನ್ನು ನಿಮ್ಮ ಯಜಮಾನರಿಗೂ ಓದಲು ಕೊಡಿ. ಅವರಿಗೆ ಒಪ್ಪಿಗೆಯಾಗದಿದ್ದರೆ ಬರೆಯಲಿ. ಅವರ ಪತ್ರವನ್ನೂ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

— ಸಂಪಾದಕ