ಕೊಪ್ಪಳದಲ್ಲಿ ಹಕ್ಕಿ ಎಣಿಕೆಗೆ ಸೇರುವುದು ಹೇಗೆ? ಎಲ್ಲಾ ಹಕ್ಕಿಗಳ ಹೆಸರು ಗೊತ್ತಿರಬೇಕಾ?

ಬೇಡ. ಕಾಗೆ, ಗುಬ್ಬಿ, ಗೊರವಂಕ, ಬೆಳ್ಳಕ್ಕಿ ಗೊತ್ತಿದ್ದರೆ ಸಾಕು, ಶುರು ಮಾಡಬಹುದು.

ಸುಲಭದ್ದು ಅಂದರೆ ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್. ಇದು ನಮ್ಮ ದೇಶದಲ್ಲಿ 2013ರಿಂದ ನಡೆಯುತ್ತಿದೆ, ಫೀಸೂ ಇಲ್ಲ, ಯಾರ ಪರ್ಮಿಷನ್ನೂ ಬೇಕಿಲ್ಲ. ಮನೆ ಮಾಳಿಗೆ ಮೇಲೋ ಹೊಲದ ಬದುವಿನಲ್ಲೋ ಕನಿಷ್ಠ 15 ನಿಮಿಷ ನಿಂತು, ಯಾವ ಹಕ್ಕಿ ಎಷ್ಟು ಕಂಡವು ಅಂತ ಇ-ಬರ್ಡ್ ಆ್ಯಪ್‌ನಲ್ಲಿ ಹಾಕಬೇಕು, ಅಷ್ಟೇ. ಒಂದು ಮಾತು: ಗುರುತು ಸಿಗದ ಹಕ್ಕಿಗೆ ಅಂದಾಜಿನ ಮೇಲೆ ಹೆಸರು ಬರೆಯಬೇಡಿ. ಮತ್ತೆ, 'ಕಾಗೆ ಏನು ಮಹಾ' ಅಂತ ಸುಮ್ನೆ ಬಿಡಲೂಬೇಡಿ. ಹೊಸಬರು ಅಪರೂಪದ್ದನ್ನು ಮಾತ್ರ ಬರೆಯುತ್ತಾರೆ, ಆಮೇಲೆ ಗುಬ್ಬಿ ಕಡಿಮೆಯಾಯಿತೋ ಜಾಸ್ತಿಯಾಯಿತೋ ಹೇಳುವುದು ಹೇಗೆ, ಅಲ್ವಾ?

ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ಇರುತ್ತದೆ, 1987ರಿಂದ ಇದೆ. ಇದಕ್ಕೆ ಕೆರೆ ಗೊತ್ತಿರುವವರ ಜೊತೆ ಹೋಗುವುದೇ ವಾಸಿ, ಅರಣ್ಯ ಇಲಾಖೆ ಕಚೇರಿಯಲ್ಲಿ ಒಮ್ಮೆ ಕೇಳಿ ನೋಡಿ. ನಿಮಗೆ ಮುನಿರಾಬಾದ್ ಕಡೆ ತುಂಗಭದ್ರಾ ಹಿನ್ನೀರು ಹತ್ತಿರ. ಹೊಳೆ ದಾಟಿದರೆ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಕೆರೆ, 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿದ್ದು. ಅಲ್ಲಿ ನೀರೊಳಗಿನ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ದೂರದಿಂದಲೇ ಎಣಿಸಿ. ಸಿರುಗುಪ್ಪ ಕಡೆ ಅದೃಷ್ಟಕ್ಕೆ ಎರೆಲಡ್ಡು (ಅಳಿವಿನಂಚಿನಲ್ಲಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ) ಕಂಡರೆ ಆ ಜಾಗದ ಲೊಕೇಷನ್ ಮಾತ್ರ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ ಮಾರಾಯ್ರೆ, ಜನ ಕ್ಯಾಮೆರಾ ಹಿಡಿದು ಮುಗಿಬೀಳುತ್ತಾರೆ.